ಯಾರ ಮೈಕು ತೆರೆದಿದೆ?

ಕಾರ್ ರ‍್ಯಾಲಿಯ ಸ್ವಯಂಸೇವಕರ ಕಾರುಗಳಿಗೆಲ್ಲ ರೇಡಿಯೊ ಜೋಡಿಸಿದ್ದ ಮೆಕ್ಯಾನಿಕ್ಕಿಗೆ ಒಂದೇ ಒಂದು ವಿಷಯದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ: ತನ್ನ ಕೆಲಸದಲ್ಲಿ ತಪ್ಪಿರುವುದಿಲ್ಲ. ಮಿಕ್ಕಿದ್ದಕ್ಕೆಲ್ಲ ಅನುಮಾನವೇ.

ಆ ಬೆಳಿಗ್ಗೆ ಸೆಟ್ಟುಗಳನ್ನೆಲ್ಲ ಪರೀಕ್ಷಿಸಿ, ಹತಾರದ ಚೀಲವನ್ನು ತನ್ನ ಕಾರಿನ ಸೀಟುಗಳ ನಡುವೆ ಎಸೆದು, ಕೈ ತೊಳೆಯಲು ಹೋಗಿದ್ದ. ಅಷ್ಟರಲ್ಲಿ ಕಂಟ್ರೋಲ್ ರೂಮಿನವರು ಓಡಿಬಂದರು. ಯಾರದೋ ಮೈಕಿನ ಗುಂಡಿ ಒತ್ತಿಕೊಂಡೇ ಇದೆಯಂತೆ. ಚಾನೆಲ್ ಕಟ್ಟಿಕೊಂಡು ಒಬ್ಬರ ಮಾತೂ ದಾಟುತ್ತಿಲ್ಲವಂತೆ. ತಿರುವುಗಳಲ್ಲಿ ನಿಂತವರು ಉತ್ತರಿಸದೆ ಒಂದು ಕಾರನ್ನೂ ಬಿಡುವಂತಿಲ್ಲ. ಬೇಗ ಸರಿಹೋಗದಿದ್ದರೆ ಓಟ ರದ್ದು, ಅದರ ಜೊತೆಗೆ ಅವನ ಮಾನವೂ ಹೋದಂತೆಯೇ.

ಹೆಂಡತಿ ಕಾರು ಹೊರಡಿಸಿದಳು. ಗುಡ್ಡದ ದಾರಿ ಹಿಡಿಯುತ್ತಲೇ ಫೋನಿನ ಸಿಗ್ನಲ್ ಸತ್ತಿತು.

"ನಿಮ್ಮಣ್ಣ ನಿಂತಿರೋ ತಿರುವಿಗೇ ನಡಿ," ಅಂದ.

"ನಮ್ಮಣ್ಣ ಏನ್ರೀ ಮಾಡಿದ?"

"ಒಂದು ನಿಮಿಷಕ್ಕಿಂತ ಹೆಚ್ಚು ಗುಂಡಿ ಒತ್ತಿದ್ರೆ ಸೆಟ್ಟು ತಾನೇ ಬಾಯಿ ಮುಚ್ಚೋ ಹಾಗೆ ಕಡಿವಾಣ ಹಾಕಿದ್ದೀನಿ ಕಣೇ. ಇದು ಮುಚ್ತಾ ಇಲ್ಲ ಅಂದ್ರೆ ಯಾರೋ ಅದನ್ನ ತೆಗೆದಿದ್ದಾರೆ. ತೆಗೆಯೋದು ಗೊತ್ತಿರೋನು ಅವನೊಬ್ಬನೇ. ನಾನೇ ಕಲಿಸಿದ್ದು, ನನ್ನ ತಲೆಗೇ ಬಂತು! ಅವನ ಕಣ್ಣೆಲ್ಲ ನನ್ನ ಜಾಗದ ಮೇಲೆ. ಅವನು ನಕ್ಕಾಗಲೆಲ್ಲ ನಾನು ಜೇಬು ಮುಟ್ಟಿ ನೋಡ್ಕೋತೀನಿ."

"ಸಾಕು ಸುಮ್ನಿರಿ. ನಮ್ಮ ಸೆಟ್ಟು ನೋಡಿದ್ರಾ?"

"ಇದನ್ನ ಯಾಕೆ ನೋಡ್ಲಿ? ಇದು ನಂದು."

ಮೊದಲ ತಿರುವಿನಲ್ಲಿ ತಮ್ಮ ಕಾರನ್ನು ದೂರದಲ್ಲೇ ಬಿಟ್ಟು ಓಡಿಬಂದ ಇಬ್ಬರು ಸ್ವಯಂಸೇವಕರು ಎರಡೂ ಕೈ ಬೀಸಿ ಏನೋ ಕೂಗಿದರು. ಎರಡನೆಯ ತಿರುವಿನಲ್ಲೂ ಹಾಗೆಯೇ ಒಬ್ಬಾಕೆ ಓಡಿಬಂದು ರಸ್ತೆಗೇ ನುಗ್ಗಿದಳು.

"ನಿಲ್ಲಿಸ್ಬೇಡ. ಇವರೆಲ್ಲ ನಿಮ್ಮಣ್ಣನ ಕಡೆಯೋರೇ. ಕಾಲ ತಳ್ಳೋಕೆ ನೋಡ್ತಾರೆ."

ಅಣ್ಣನನ್ನು ಅಂದರೆ ಅವಳಿಗೆ ಉರಿಯುತ್ತಿತ್ತು. ತುಟಿ ಕಚ್ಚಿಕೊಂಡು ಗಾಡಿ ಓಡಿಸಿದಳು.

ಭಾವನ ಕಾರು ಕಣ್ಣಿಗೆ ಬಿದ್ದು ಹತ್ತಿರವಾದಂತೆ ಅದರೊಳಗಿಂದ ಕಿವಿ ಸೀಳುವ ಕೀರಲು ಎದ್ದಿತು. ಮೆಕ್ಯಾನಿಕ್ ತೊಡೆ ತಟ್ಟಿದ. ಕೀರಲು ಕೇಳಿದರೆ ತೆರೆದ ಮೈಕು ಪಕ್ಕದಲ್ಲೇ ಇದೆ ಎಂದರ್ಥ. ಎಲ್ಲರಿಗೂ ಇದನ್ನು ಹೇಳಿಕೊಟ್ಟವನೇ ಅವನು.

"ಕೇಳಿದ್ಯಾ? ಸಿಕ್ಕಿಬಿದ್ದ!"

ಭಾವ ಕೆಳಗಿಳಿದ. ಅವನ ಕೈಯಲ್ಲಿ ಮೈಕಿತ್ತು, ಸೆಟ್ಟಿನಿಂದ ಪೂರ್ತಿ ಕಳಚಿಟ್ಟ ಮೈಕು. ನೇರ ಬಂದು, ಇವರ ಕಾರಿನೊಳಗೆ ಬಗ್ಗಿ, ಹತಾರದ ಚೀಲವನ್ನು ಎತ್ತಿದ. ಕೀರಲು ನಿಂತಿತು. ಚೀಲದಡಿ ಮೆಕ್ಯಾನಿಕ್ಕನ ಮೈಕು ಬಿದ್ದಿತ್ತು.

ಕಡಿವಾಣವಿಲ್ಲದ ಸೆಟ್ಟು ಅದೊಂದೇ. ಮಾತು ನಡುವೆ ತುಂಡಾಗುತ್ತದೆಂದು ತಾನೇ ತೆಗೆದು, ಮರೆತುಬಿಟ್ಟಿದ್ದ. ದಾರಿಯುದ್ದಕ್ಕೂ ಆಡಿದ್ದು ಪ್ರತಿ ತಿರುವಿನಲ್ಲೂ ಕೇಳಿಸಿತ್ತು.

ಕಂಟ್ರೋಲಿನ ದನಿ ಬಂತು. ತಿರುವುಗಳು ಒಂದೊಂದಾಗಿ ಉತ್ತರಿಸಿದವು. ಭಾವನೂ ಮೈಕು ಸಿಕ್ಕಿಸಿ, "ಇಲ್ಲಿ ಎಲ್ಲಾ ಸರಿಯಿದೆ," ಅಂದ. ಓಟ ಉಳಿಯಿತು.

"ಭಾವ, ನಾನು ಏನೋ ಬಾಯಿಗೆ ಬಂದಿದ್ದು..."

"ನೀವು ಹೊರಡಿ. ಮೊದಲ ಕಾರು ಬರೋ ಹೊತ್ತಾಯ್ತು."

ಮದುವೆಯಾದಾಗಿನಿಂದ ಅವನನ್ನು ಏಕವಚನದಲ್ಲಿ ಗದರಿ, ಹೆಗಲ ಮೇಲೆ ಕೈಹಾಕಿ ಮಾತಾಡಿಸುತ್ತಿದ್ದ ಭಾವ ಈಗ ‘ನೀವು’ ಅಂದಿದ್ದ. ಮೆಕ್ಯಾನಿಕ್ ಅಲ್ಲಾಡದೆ ನಿಂತ. ಭಾವ ಅವನತ್ತ ತಿರುಗಿ ನಕ್ಕ.

"ಹೋಗೋ ಮುಂಚೆ," ಅಂದ, "ಜೇಬು ನೋಡ್ಕೊಳ್ಳಿ."