ಮೊದಲ ಮಹಡಿಯ ನಡುಕ

ಕಂಪ್ಯೂಟರ್ ಕೋಣೆಯಲ್ಲಿ ಮಂಡಿಯೂರಿ ಕೂತವಳು ತನ್ನ ಸೆನ್ಸರನ್ನು ಎಲ್ಲಿಡುವುದೆಂದು ನೋಡುತ್ತಿದ್ದಳು. ಕಂಪನ ಅಳೆಯುವುದೇ ಅವಳ ಕಸುಬು. ಬೆಂಕಿಪೊಟ್ಟಣಕ್ಕಿಂತ ದೊಡ್ಡದೇನೂ ಅಲ್ಲದ ಆ ಉಕ್ಕಿನ ತುಂಡಿನ ಮೇಲೆ ಇವತ್ತು ಕೆಳಗಿನ ಲಾಂಡ್ರಿಯ ಮೂವತ್ತೆಂಟು ಹೆಂಗಸರ ಕೆಲಸ ನಿಂತಿತ್ತು.

"ಇಲ್ಲೇ ಇಡಿ ಮೇಡಂ. ನೆಲ ಹೇಗೆ ಕುಣಿಯುತ್ತೆ ನೀವೇ ನೋಡಿ," ಎಂದು ಕಂಪನಿಯ ಮ್ಯಾನೇಜರು ಷೂ ತುದಿಯಿಂದ ಒಂದು ಹಲಗೆಯನ್ನು ತಟ್ಟಿದ. ಹಲಗೆ ಗಡಗಡ ಅಂದಿತು.

"ಇದು ನೆಲ ಅಲ್ಲ ಸರ್, ನೆಲದ ಮುಚ್ಚಳ. ಇದರ ಮೇಲಿಟ್ಟರೆ ನೀವು ಕೆಮ್ಮಿದ್ದೂ ಭೂಕಂಪ ಅಂತ ಬರುತ್ತೆ. ನಿಜವಾದ ನೆಲ ಕೆಳಗಿದೆ."

ಕೋಣೆಯನ್ನು ನೋಡಿಕೊಳ್ಳುವ ಟೆಕ್ನಿಷಿಯನ್ ಬಂದು, ಹಲಗೆಗೆ ಕಚ್ಚಿಕೊಳ್ಳುವ ರಬ್ಬರ್ ಬಟ್ಟಲಿನ ಹಿಡಿಯಿಂದ ಹಲಗೆ ಎತ್ತಿ ಕೊಟ್ಟ. ಮೊಣಕಾಲುದ್ದ ಕೆಳಗೆ ಕೇಬಲ್ಲುಗಳ ನಡುವೆ ಕಾಂಕ್ರೀಟು ಕಂಡಿತು. ಅವಳು ಒಂದು ಸೆನ್ಸರನ್ನು ಅಲ್ಲಿ, ಇನ್ನೊಂದನ್ನು ಸರ್ವರುಗಳ ರ್ಯಾಕಿನ ಕಾಲಿಗೆ ಅಂಟಿಸಿದಳು.

ಎರಡು ತಿಂಗಳಿಂದ ಈ ಕೋಣೆಯಲ್ಲಿ ಸರ್ವರುಗಳ ಡಿಸ್ಕುಗಳು ಒಂದರ ಹಿಂದೊಂದು ಕೈಕೊಡುತ್ತಿದ್ದವು. ಲಾಂಡ್ರಿಯ ಯಂತ್ರಗಳ ಅದುರಾಟವೇ ಕಾರಣ ಎಂದು ಕಂಪನಿ ಕಟ್ಟಡದ ಮಾಲೀಕರಿಗೆ ಬರೆದಿತ್ತು. ಲಾಂಡ್ರಿ ಕೆಳಮಹಡಿಯಲ್ಲಿ ಹನ್ನೊಂದು ವರ್ಷದಿಂದ ಆಸ್ಪತ್ರೆಗಳ ಹಾಸಿಗೆಬಟ್ಟೆ ಒಗೆಯುತ್ತಿತ್ತು. ಹತ್ತು ವರ್ಷ ಹತ್ತು ತಿಂಗಳು ಸುಮ್ಮನಿದ್ದ ಯಂತ್ರಗಳಿಗೆ ಈಗೇಕೆ ಏಕಾಏಕಿ ದುರ್ಬುದ್ಧಿ ಬಂತು ಎಂದು ಯಾರೂ ಕೇಳಲಿಲ್ಲ. ದೂರು ಮೇಲಿಂದ ಬಂದಿತ್ತು, ಅಷ್ಟು ಸಾಕಾಗಿತ್ತು. ಮಾಲೀಕರ ಕಡೆಯ ವಕೀಲರು ಮೂಲೆಯ ಕುರ್ಚಿಯಲ್ಲಿ ಫೈಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅದರೊಳಗೆ ಹದಿನೈದು ದಿನದಲ್ಲಿ ಜಾಗ ಖಾಲಿ ಮಾಡುವಂತೆ ನೋಟೀಸು ಟೈಪಾಗಿ ಸಿದ್ಧವಿತ್ತು. ತಾರೀಖಿನ ಜಾಗ ಮಾತ್ರ ಬಿಟ್ಟಿದ್ದರು.

ಲ್ಯಾಪ್‌ಟಾಪಿನ ಪರದೆಯಲ್ಲಿ ಗ್ರಾಫು ಮೂಡಿತು. ಎರಡು ಗೆರೆ ಎದ್ದು ನಿಂತವು. ಸೆಕೆಂಡಿಗೆ ಹನ್ನೆರಡು ಸಲದ ಅದುರಾಟದ ಕಡೆ ಒಂದು ಗಿಡ್ಡ ಗೆರೆ. ಇಪ್ಪತ್ತನಾಲ್ಕರ ಕಡೆ ಡಿಸ್ಕು ತಾಳುವ ಮಿತಿಯನ್ನು ಸೀಳಿಕೊಂಡು ಹೋದ ಎತ್ತರದ ಗೆರೆ.

"ಮಿತಿ ಮೀರಿದೆ ತಾನೆ?" ಮ್ಯಾನೇಜರನ ಮುಖ ಅರಳಿತು.

"ಮೀರಿದೆ. ಯಾರಿಂದ ಅಂತ ಇನ್ನೂ ಗೊತ್ತಿಲ್ಲ. ಲಾಂಡ್ರಿ ಹತ್ತು ನಿಮಿಷ ನಿಲ್ಲಬೇಕು."

ಅವಳು ಮೆಟ್ಟಿಲು ಇಳಿಯತೊಡಗಿದಳು. ಲಾಂಡ್ರಿಯ ಮುಖ್ಯಸ್ಥೆ ಅವಳ ಸ್ವಂತ ಅತ್ತಿಗೆ, ಅಣ್ಣನ ಹೆಂಡತಿ. ಈ ಕೆಲಸ ಬಂದ ದಿನವೇ ಅವಳು ತನ್ನ ಹಿರಿಯ ಎಂಜಿನಿಯರಿಗೆ ಹೇಳಿದ್ದಳು. "ಬೇರೆ ಯಾರೂ ಬಿಡುವಾಗಿಲ್ಲ. ಬರವಣಿಗೆಯಲ್ಲಿ ತಿಳಿಸಿ ಹೋಗು," ಅಂದಿದ್ದರು. ತಿಳಿಸಿದ್ದಳು, ಕಂಪನಿಗೆ ಕಳಿಸಿದ ಪತ್ರದ ಎರಡನೆಯ ಪುಟದಲ್ಲಿ. ಮ್ಯಾನೇಜರು ಎರಡನೆಯ ಪುಟ ಓದುವ ಪೈಕಿಯವನಲ್ಲ.

ಕೆಳಗೆ ಹಬೆ, ಬಿಸಿ, ಸೋಪಿನ ಘಾಟು. ಬಟ್ಟೆ ಹಿಂಡುವ ಆರು ಯಂತ್ರಗಳು ಮೊರೆಯುತ್ತಿದ್ದವು. ಅತ್ತಿಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದುರು ಬಂದಳು.

"ಬಾರಮ್ಮ ನಾದಿನಿ. ನಿಮ್ಮಣ್ಣನ ಗೊರಕೆಗೆ ನಮ್ಮನೆ ಗೋಡೆ ಅಲುಗುತ್ತೆ, ಅದನ್ನೂ ಒಂದ್ಸಲ ಅಳೆದು ನೋಟೀಸು ಕೊಡಿಸಿಬಿಡು."

"ಅತ್ತಿಗೆ, ಎಲ್ಲಾ ಯಂತ್ರ ಹತ್ತು ನಿಮಿಷ ನಿಲ್ಲಿಸ್ಬೇಕು."

ಅತ್ತಿಗೆಯ ನಗು ಅಲ್ಲೇ ಸತ್ತಿತು. "ನಿಲ್ಲಿಸಿದ್ರೆ ತಪ್ಪು ನಮ್ದೇ ಅಂತ ಒಪ್ಪಿಕೊಂಡ ಹಾಗಲ್ವಾ?"

"ನಿಲ್ಲಿಸದೇ ಇದ್ರೆ ಹೆದರಿಕೊಂಡ್ರು ಅಂತ ಬರೀತಾರೆ."

"ಹೇಗೆ ಮಾಡಿದ್ರೂ ಕುತ್ತಿಗೆ ನಮ್ದೇ. ಮೇಲಿನವರು ಏನು ನಿಲ್ಲಿಸ್ತಾರೆ?"

ಆ ಪ್ರಶ್ನೆ ಅವಳಿಗೇ ಹೊಳೆಯಬೇಕಿತ್ತು. ಇಷ್ಟು ವರ್ಷ ಇಷ್ಟು ಕಟ್ಟಡ ಅಳೆದಿದ್ದಳು. ಪ್ರತಿ ಸಲವೂ ಮೊದಲು ನಿಂತು ತಾವು ನಿರ್ದೋಷಿಗಳೆಂದು ತೋರಿಸಬೇಕಾದವರು ಕೆಳಗಿನವರೇ. ಮರ ಕೊಯ್ಯುವವರು, ಪ್ರೆಸ್ಸಿನವರು, ಹಿಟ್ಟಿನ ಗಿರಣಿಯವರು. ಮೇಲಿನವರ ಯಂತ್ರ ಯಾವ ವಿಚಾರಣೆಗೂ ನಿಂತದ್ದಿಲ್ಲ.

"ಏನೇ ಬಂದ್ರೂ ಇದ್ದದ್ದನ್ನ ಇದ್ದ ಹಾಗೆ ಬರೀತೀಯಾ?" ಅತ್ತಿಗೆ ಅವಳ ಕಣ್ಣನ್ನೇ ನೋಡುತ್ತ ಕೇಳಿದಳು.

"ಬರೀತೀನಿ."

ಅತ್ತಿಗೆ ಕೈ ಎತ್ತಿದಳು. ಒಂದೊಂದಾಗಿ ಆರೂ ಯಂತ್ರಗಳು ನಿಟ್ಟುಸಿರು ಬಿಟ್ಟು ನಿಂತವು. ಆ ಮೌನದಲ್ಲಿ ಮೂವತ್ತೆಂಟು ಜನ ಒದ್ದೆ ಕೈಗಳನ್ನು ಇಳಿಬಿಟ್ಟುಕೊಂಡು ತಲೆಯ ಮೇಲಿನ ಸೂರನ್ನೇ ನೋಡುತ್ತ ನಿಂತರು.

"ಓಹೋ, ಅತ್ತಿಗೆ ನಾದಿನಿ," ಎಂಬ ದನಿ ಬಾಗಿಲಿಂದ ಬಂತು. ಯಂತ್ರ ನಿಂತದ್ದನ್ನು ಖುದ್ದಾಗಿ ನೋಡಲು ಮ್ಯಾನೇಜರು ಹಿಂದೆಯೇ ಇಳಿದಿದ್ದ. "ಇದು ಮನೆಮಂದಿಯ ಅಳತೆ ಅಂತ ಮೊದಲೇ ಹೇಳ್ಬಾರದಿತ್ತಾ?"

"ಹೇಳಿದೀನಿ ಸರ್. ಎರಡನೇ ಪುಟ."

ಅವಳು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಪರದೆಯಲ್ಲಿ ಗಿಡ್ಡ ಗೆರೆ ಮಲಗಿತ್ತು. ಎತ್ತರದ್ದು ಕೂದಲೆಳೆಯಷ್ಟೂ ಕುಗ್ಗದೆ ನಿಂತಿತ್ತು.

"ಸುಳ್ಳು," ಅಂದ ಹಿಂದೆ ಬಂದ ಮ್ಯಾನೇಜರು. "ವಕೀಲರೇ, ಆರೋಪ ಹೊತ್ತವರ ಸಂಬಂಧಿ ಇವರು. ಈ ಅಳತೆಗೆ ಮೂರು ಕಾಸಿನ ಬೆಲೆ ಇಲ್ಲ. ನೋಟೀಸು ಕೊಡಿ."

ವಕೀಲರು ಕನ್ನಡಕ ತೆಗೆದರು. ಪೆನ್ನನ್ನೂ ತೆಗೆದರು.

ಕೆಳಗೆ ಯಂತ್ರಗಳು ಇನ್ನೂ ನಿಂತೇ ಇದ್ದವು. ಅವು ಮತ್ತೆ ಹೊರಳದೆಯೂ ಹೋಗಬಹುದು. "ನನ್ನನ್ನ ನಂಬಬೇಡಿ," ಅಂದಳು. "ನಿಮ್ಮ ಸ್ವಿಚ್ಚನ್ನ ನಂಬಿ. ತಂಪು ಗಾಳಿಯ ಆ ದೊಡ್ಡ ಫ್ಯಾನು ನಿಮಿಷಕ್ಕೆ ಸಾವಿರದ ನಾನೂರ ನಲವತ್ತು ಸುತ್ತು ಅಂತ ಅದರ ಮೈಮೇಲೇ ಕೆತ್ತಿದ್ದಾರೆ. ಸೆಕೆಂಡಿಗೆ ಇಪ್ಪತ್ತನಾಲ್ಕು ಆಯ್ತು. ಅದನ್ನ ನಿಲ್ಲಿಸಿ."

"ಫ್ಯಾನು ನಿಲ್ಲಿಸಿ ನನ್ನ ಸರ್ವರು ಸುಡ್ಲಾ?"

"ಪಕ್ಕದಲ್ಲಿ ಎರಡನೇ ಫ್ಯಾನು ಇದೆಯಲ್ಲ. ಕೆಳಗಿನವರು ಆರೂ ನಿಲ್ಲಿಸಿದ್ರು. ನೀವು ಒಂದು ನಿಲ್ಲಿಸಿ."

"ಸಾಧ್ಯ ಇಲ್ಲ. ಒಂದೇ ಮಾತು."

ಕ್ಲಿಕ್ ಅಂತೊಂದು ಸದ್ದಾಯಿತು. ಎಲ್ಲರೂ ತಿರುಗಿದರು. ಟೆಕ್ನಿಷಿಯನ್ ಸ್ವಿಚ್ ಬೋರ್ಡಿನ ಮುಂದೆ ನಿಂತಿದ್ದ. ಎರಡನೆಯ ಫ್ಯಾನನ್ನು ಚಾಲೂ ಮಾಡಿ ಮೊದಲನೆಯದರ ಹಿಡಿಯನ್ನು ಕೆಳಗೆಳೆದಿದ್ದ. ಮೊದಲನೆಯದು ನಿಧಾನಕ್ಕೆ ಸುತ್ತು ಕಳೆದುಕೊಂಡು ನಿಂತಿತು. ಪರದೆಯ ಎತ್ತರದ ಗೆರೆ ಜಾರಿ ಜಾರಿ ಮಿತಿಗಿಂತ ಬಹಳ ಕೆಳಗೆ ಬಂದು ಬಿತ್ತು. ವಕೀಲರು ಕನ್ನಡಕ ಹಾಕಿಕೊಂಡು ಹತ್ತಿರ ಬಂದರು.

"ಇಲ್ಲಿ ನೋಡಿ," ಅಂದ ಟೆಕ್ನಿಷಿಯನ್. ಮೊದಲನೆಯ ಫ್ಯಾನಿನ ಬುಡದಲ್ಲಿ ಅದುರಾಟ ನುಂಗಿಕೊಳ್ಳುವ ನಾಲ್ಕು ಸ್ಪ್ರಿಂಗುಗಳಿದ್ದವು. ಪ್ರತಿಯೊಂದನ್ನೂ ಬಿಗಿದು ಹಿಡಿದ ಕೆಂಪು ಬಣ್ಣದ ಬೋಲ್ಟು. "ಸಾಗಿಸುವಾಗ ಅಲುಗದಿರಲಿ ಅಂತ ಹಾಕೋದು. ಕೂರಿಸಿದ ಮೇಲೆ ಬಿಚ್ಚಬೇಕು. ಎರಡು ತಿಂಗಳ ಹಿಂದೆ ಮೋಟಾರು ಬದಲಾಯಿಸಿ ತಂದು ಕೂರಿಸಿದ್ರು, ಬಿಚ್ಚಲೇ ಇಲ್ಲ. ಸ್ಪ್ರಿಂಗು ಇದ್ದೂ ಇಲ್ಲದ ಹಾಗೆ. ನಾನು ಬರೆದುಕೊಟ್ಟಿದ್ದೆ."

"ಯಾರಿಗೆ?" ವಕೀಲರು ಕೇಳಿದರು.

ಟೆಕ್ನಿಷಿಯನ್ ಮ್ಯಾನೇಜರನ ಕಡೆ ನೋಡಿದ. ಕೆಲಸ ಸರಿಯಾಗಿದೆ ಎಂದು ಸಹಿ ಹಾಕಿ ಮೋಟಾರು ಒಪ್ಪಿಕೊಂಡಿದ್ದವನು ಮ್ಯಾನೇಜರೇ. ನಾಲ್ಕು ಬೋಲ್ಟು ಬಿಚ್ಚಿದರೆ ತನ್ನ ತಪ್ಪು ಬಿಚ್ಚಿಕೊಳ್ಳುತ್ತದೆ. ಅದರ ಬದಲು ಮೂವತ್ತೆಂಟು ಜನರನ್ನು ಬೀದಿಗೆ ಬಿಡುವುದು ಅವನಿಗೆ ಸಲೀಸಾಗಿ ಕಂಡಿತ್ತು. ಅಂಥವರಿಗೆ ಕೆಳಗಿನ ಮಹಡಿಯಲ್ಲಿ ಮನುಷ್ಯರಿದ್ದಾರೆ ಎಂಬುದು ಅದುರಾಟದ ರೂಪದಲ್ಲಷ್ಟೇ ಗೊತ್ತಾಗುತ್ತದೆ.

ಅವಳು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಗಿಡ್ಡ ಗೆರೆ ಯಾವ ಯಂತ್ರದ್ದೆಂಬುದು ಇನ್ನೂ ಉಳಿದಿತ್ತು. ಅತ್ತಿಗೆಗೆ ಫೋನು ಮಾಡಿ, ಕೆಳಗಿನ ಯಂತ್ರಗಳನ್ನು ಒಂದೊಂದಾಗಿ ಹೊರಳಿಸಲು ಹೇಳಿದಳು. ನಾಲ್ಕನೆಯದು ತುಂಬಿಕೊಂಡು ತಿರುಗಿದಾಗ ಗೆರೆ ಮಿತಿಯ ಅರ್ಧದವರೆಗೆ ಎದ್ದಿತು. ಅಷ್ಟಕ್ಕೆ ಡಿಸ್ಕು ಹಾಳಾಗುವುದಿಲ್ಲ. ಬರೆಯದಿದ್ದರೂ ಕೇಳುವವರಿರಲಿಲ್ಲ. ಆದರೂ ಬರೆದಳು: ಮಿತಿ ಮೀರಲು ಕಾರಣ ಕಂಪನಿಯದೇ ಫ್ಯಾನು, ಲಾಂಡ್ರಿಯ ನಾಲ್ಕನೆಯ ಯಂತ್ರ ಮಿತಿಯೊಳಗಿದೆ, ಆದರೆ ಬೇರಿಂಗು ಸವೆದಿರುವ ಲಕ್ಷಣವಿದೆ, ರಿಪೇರಿ ಆಗಬೇಕು.

ಪ್ರಿಂಟಾಗಿ ಬಂದ ಹಾಳೆಯನ್ನು ವಕೀಲರು ಎರಡು ಸಲ ಓದಿದರು. "ಲೆಕ್ಕ ಸರಿ ಇದೆ. ಆದರೆ ಸಂಬಂಧಿಕರ ಸಹಿ ಒಂದೇ ಇದ್ದರೆ ಮಾಲೀಕರ ಮುಂದೆ ಇದು ನಿಲ್ಲಲ್ಲ. ಕಣ್ಣಾರೆ ಕಂಡ ಇನ್ನೊಬ್ಬರದು ಬೇಕು."

ಟೆಕ್ನಿಷಿಯನ್ ಮುಂದೆ ಬಂದ.

"ಯೋಚನೆ ಮಾಡಿ ಸಹಿ ಹಾಕು," ಅಂದ ಮ್ಯಾನೇಜರು, ಮೆತ್ತಗೆ.

"ಎರಡು ತಿಂಗಳಿಂದ ಅದನ್ನೇ ಮಾಡ್ತಿದ್ದೆ ಸರ್."

ಅವನ ಸಹಿ ಚಿಕ್ಕ ಮಕ್ಕಳ ಅಕ್ಷರದ ಹಾಗೆ ಬಿಡಿಬಿಡಿಯಾಗಿತ್ತು. ಪೆನ್ನು ಕೆಳಗಿಟ್ಟ ಕೂಡಲೇ ಮ್ಯಾನೇಜರು ಕೈ ಚಾಚಿದ. ಟೆಕ್ನಿಷಿಯನ್ ಕುತ್ತಿಗೆಯಿಂದ ಬಾಗಿಲು ತೆರೆಯುವ ಕಾರ್ಡು ತೆಗೆದು ಆ ಅಂಗೈ ಮೇಲಿಟ್ಟು ಹೊರಗೆ ನಡೆದ. ಬೋಲ್ಟುಗಳು ಹಾಗೇ ಉಳಿದವು. ವಕೀಲರು ನೋಟೀಸನ್ನು ಎರಡಾಗಿ ಮಡಿಸಿ ಜೇಬಿಗೆ ಸೇರಿಸಿದರು. "ಖಾಲಿ ಮಾಡಿಸೋ ಪ್ರಶ್ನೆ ಇಲ್ಲ. ಆದರೆ ಆ ನಾಲ್ಕನೇ ಯಂತ್ರ ರಿಪೇರಿ ಆಗೋವರೆಗೂ ನಿಂತಿರಲಿ."

ಕೆಳಗೆ ಅತ್ತಿಗೆ ವರದಿಯನ್ನು ಅಕ್ಷರ ಅಕ್ಷರವಾಗಿ ಓದಿದಳು. ಹೆಂಗಸರು ಸುತ್ತ ಮುತ್ತಿದ್ದರು. ಖಾಲಿ ಮಾಡಬೇಕಿಲ್ಲ ಎಂದು ಗೊತ್ತಾದಾಗ ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಅತ್ತಿಗೆ ಮಾತ್ರ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನಿಂತಳು.

"ಇದು ಯಾಕೆ ಬೇಕಿತ್ತು? ಮಿತಿಯೊಳಗೇ ಇತ್ತಲ್ಲ."

"ಬಿಟ್ಟಿದ್ರೆ ಆ ಫ್ಯಾನಿನ ಮಾತನ್ನೂ ಸುಳ್ಳು ಅಂತಿದ್ರು ಅತ್ತಿಗೆ."

"ಐದು ಯಂತ್ರದಲ್ಲಿ ಆರರ ಕೆಲಸ. ಸಂಜೆ ಬಸ್ಸು ತಪ್ಪಿಸಿಕೊಳ್ಳೋರು ನಾವು, ನೀನಲ್ಲ."

ಅತ್ತಿಗೆ ನಾಲ್ಕನೆಯ ಯಂತ್ರದ ಸ್ವಿಚ್ಚು ಆರಿಸಿ ಮುಚ್ಚಳ ತೆರೆದಳು. ಒಳಗೆ ಅರ್ಧ ಹಿಂಡಿದ ಹಾಸಿಗೆಬಟ್ಟೆ ನೀರು ಸುರಿಸುತ್ತ ಬಿದ್ದಿತ್ತು. ಒಂದನ್ನು ಎಳೆದು, ಒಂದು ತುದಿಯನ್ನು ನಾದಿನಿಯ ಕಡೆ ಎಸೆದಳು.

"ಬರೆದವಳು ನೀನೇ ತಾನೆ. ಹಿಡಿ, ಹಿಂಡು."

ಅವಳು ಲ್ಯಾಪ್‌ಟಾಪನ್ನು ಒಣ ಬಟ್ಟೆಯ ಗುಡ್ಡೆಯ ಮೇಲಿಟ್ಟು ಅಂಗಿಯ ತೋಳು ಮಡಿಸಿದಳು. ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ತಿರುಚಿದರು. ನೀರು ಇಬ್ಬರ ಪಾದದ ಮೇಲೂ ಸುರಿಯಿತು.