ನಾವೇ ಎತ್ತಿದ ಕೈ

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಡೆನ್ಮಾರ್ಕಿನ ಒಂದು ವಠಾರದ ಹಿಂದೆ ಮಣ್ಣು ಅಗೆಯುವ ಯಂತ್ರ ಬಂದು ನಿಂತಿತು. ಡೊಮ್ನಿಕಾ ಮನೆಯೊಳಗಿನ ಚಪ್ಪಲಿಯಲ್ಲೇ ಕೆಳಗೆ ಓಡಿದಳು.

ಅಲ್ಲಿ ಅವಳಿಗೊಂದು ತೋಟದ ತುಂಡು ಇತ್ತು. ಹನ್ನೆರಡು ಹೆಜ್ಜೆ ಉದ್ದ, ಐದು ಹೆಜ್ಜೆ ಅಗಲ. ಈರುಳ್ಳಿ, ಬೀನ್ಸ್, ಸಬ್ಬಸಿಗೆ, ಮೂಲೆಯಲ್ಲಿ ತಾರ್ಹೋನ್ ಸೊಪ್ಪಿನ ಗಿಡ. ಆ ಗಿಡದ ಬೇರನ್ನು ಅವಳು ರೊಮೇನಿಯಾದ ತವರಿನ ಹಿತ್ತಿಲಿನಿಂದ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಎರಡು ದಿನದ ಬಸ್ ಪ್ರಯಾಣದುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಡೆನ್ಮಾರ್ಕಿಗೆ ತಂದಿದ್ದಳು. ಆ ಸೊಪ್ಪು ಬೀಳದ ಆಲೂಗಡ್ಡೆ ಹುಳಿಸೂಪು ಅವಳ ಗಂಡ ಗಾವ್ರಿಲನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಯಂತ್ರದವನು ಒಂದು ಕಾಗದ ತೋರಿಸಿ ಏನೋ ಹೇಳಿದ. ಅವಳು ತನ್ನ ಭಾಷೆಯಲ್ಲಿ ಬೈದಳು. ಅವಳಿಗೆ ಅವನದು ಅರ್ಥವಾಗಲಿಲ್ಲ, ಅವನಿಗೆ ಅವಳದು. ಕೊನೆಗೆ ಅವನು ಕೈಗಡಿಯಾರ ಮುಟ್ಟಿ, ಹತ್ತು ಬೆರಳು ತೋರಿಸಿ, ಪಕ್ಕಕ್ಕೆ ಹೋಗಿ ಕಾಫಿ ಕುಡಿಯುತ್ತಾ ಕುಳಿತ. ಆ ಹತ್ತು ನಿಮಿಷದಲ್ಲಿ ಡೊಮ್ನಿಕಾ ತಾರ್ಹೋನಿನ ಬೇರನ್ನಷ್ಟೇ ಕಿತ್ತು ಒಂದು ಬಕೆಟ್ಟಿಗೆ ಹಾಕಿಕೊಂಡಳು. ಮಿಕ್ಕಿದ್ದು ಹೋಯಿತು.

ಸಂಜೆ ಸಾಂದಾ ಬಂದಳು. ಇವರ ಹಳ್ಳಿಯವಳೇ, ಮೂವತ್ತನಾಲ್ಕು ವರ್ಷ. ಡೆನ್ಮಾರ್ಕಿಗೆ ಬಂದು ಆರು ವರ್ಷವಾಯಿತು, ಈಗ ವೃದ್ಧರ ಮನೆಯಲ್ಲಿ ಕೆಲಸ. ಯಂತ್ರದವನು ಬಿಟ್ಟುಹೋದ ಕಾಗದವನ್ನು ಅವಳು ಓದಿ ಹೇಳಿದಳು: ಇದು ಹೋದ ಸೆಪ್ಟೆಂಬರಿನಲ್ಲಿ ನಡೆದ ವಠಾರದ ನಿವಾಸಿಗಳ ಸಭೆಯ ತೀರ್ಮಾನ. ಮೊದಲ ಸಾಲಿನ ಆರು ತೋಟ ತೆಗೆದು ಅಲ್ಲಿ ಕಾರು ನಿಲ್ಲಿಸುವ ಜಾಗ ಮಾಡುವುದು. ಪರವಾಗಿ ಹದಿನೆಂಟು ಮತ, ವಿರೋಧವಾಗಿ ಹದಿನಾರು.

"ಎರಡೇ ಮತದಲ್ಲಿ ನನ್ನ ತೋಟ ಹೋಯ್ತಾ? ಯಾರು ಆ ಎರಡು ಕೈ ಎತ್ತಿದ ಪುಣ್ಯಾತ್ಮರು?" ಎಂದಳು ಡೊಮ್ನಿಕಾ.

ಗಾವ್ರಿಲ ಸೂಪಿನ ಬಟ್ಟಲಿನಿಂದ ತಲೆ ಎತ್ತಲಿಲ್ಲ. "ನಾವೇ," ಎಂದ.

ಆಗ ಇಬ್ಬರಿಗೂ ಆ ಸಂಜೆ ನೆನಪಾಯಿತು. ಮನೆಗೊಂದು ಆಮಂತ್ರಣ ಬಂದಿತ್ತು. ಕಾಫಿ, ಕೇಕು ಇಟ್ಟಿದ್ದರು. ಪ್ರತಿ ಮನೆಗೆ ಎರಡು ಹಸಿರು ಕಾರ್ಡು ಕೊಟ್ಟಿದ್ದರು. ಯಾರೋ ಮಾತಾಡಿದರು, ಸುತ್ತಲೂ ಕಾರ್ಡುಗಳು ಮೇಲೆದ್ದವು, ಇವರೂ ಎತ್ತಿದರು. ಗಾವ್ರಿಲ ಹುಟ್ಟಿ ಬೆಳೆದ ಕಾಲದಲ್ಲಿ ಅವರ ದೇಶದ ಸಭೆಗಳಲ್ಲಿ ಎಲ್ಲರೂ ಎತ್ತಿದಾಗ ಎತ್ತಬೇಕಿತ್ತು. ಎತ್ತದವನ ಹೆಸರು ಬರೆದುಕೊಳ್ಳಲು ಹಿಂದಿನ ಬೆಂಚಿನಲ್ಲಿ ಒಬ್ಬ ಕೂತಿರುತ್ತಿದ್ದ. ಕಾಲ ಬದಲಾಗಿತ್ತು, ದೇಶ ಬದಲಾಗಿತ್ತು, ಕೈ ಮಾತ್ರ ಬದಲಾಗಿರಲಿಲ್ಲ.

ಸಾಂದಾ ನಗಲಿಲ್ಲ. "ಲೇಲೆ, ಕ್ಲಾಸಿಗೆ ಸೇರ್ಕೋ," ಎಂದಳು. ಲೇಲೆ ಎಂದರೆ ಅವರ ಕಡೆ ಅಕ್ಕ. "ಎರಡು ವರ್ಷದಿಂದ ಹೇಳ್ತಾನೇ ಇದ್ದೀನಿ."

ಹೌದು, ಎರಡು ವರ್ಷದಿಂದ ಹೇಳುತ್ತಿದ್ದಳು. ಎರಡು ವರ್ಷದಿಂದ ಗಾವ್ರಿಲನ ಬಳಿ ಉತ್ತರವೂ ಇತ್ತು. ಇಬ್ಬರೂ ದುಡಿಯುವುದು ಟೊಮೆಟೊ ಬೆಳೆಯುವ ದೊಡ್ಡ ಗಾಜಿನ ಮನೆಯಲ್ಲಿ. ಅಲ್ಲಿ ಮೇಸ್ತ್ರಿಯೂ ರೊಮೇನಿಯಾದವನೇ. ಟಿವಿ ತಮ್ಮ ಭಾಷೆಯದು. ತಿಂಗಳಿಗೊಮ್ಮೆ ಪೂಜೆಗೆ ಬರುವ ಪಾದ್ರಿಯೂ ತಮ್ಮವನೇ. ಇನ್ನು ಡ್ಯಾನಿಷ್ ಯಾಕೆ?

"ನಾವೇನು ಇಲ್ಲಿ ಬೇರು ಬಿಡೋಕೆ ಬಂದಿದ್ದೀವಾ?" ಎಂದ ಗಾವ್ರಿಲ. "ಊರಲ್ಲಿ ಕಟ್ಟುತ್ತಿರೋ ಮನೆಗೆ ಸೂರು ಮುಗಿದ ಮೇಲೆ ಹೊರಟುಬಿಡ್ತೀವಿ. ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಕೊಂಡು ಮಾತಾಡೋ ಜನ ಇವರು. ಈ ವಯಸ್ಸಲ್ಲಿ ಅದನ್ನ ಕಲಿತು ಯಾರಿಗೆ ಭಾಷಣ ಮಾಡಬೇಕು?"

"ಸೂರು ಯಾವಾಗ ಮುಗಿಯುತ್ತೆ, ಬಾದೆ?" ಸಾಂದಾ ಕೇಳಿದಳು. ಬಾದೆ ಎಂದರೆ ಅಣ್ಣ. "ನೀವು ಬಂದಾಗಿನಿಂದ ನಿಮ್ಮ ಸೂರಿಗೆ ಇನ್ನೂ ಒಂದು ಬೇಸಿಗೆ ಬೇಕು ಅಂತಾನೇ ಕೇಳ್ತಿದ್ದೀನಿ. ಬೇರು ಬಿಡೋಕೆ ಬಂದಿಲ್ಲ ಅಂದ್ರೆ, ಆ ಬಕೆಟ್ಟಲ್ಲಿ ಇರೋದು ಏನು?"

ಗಾವ್ರಿಲ ಬಕೆಟ್ಟನ್ನು ನೋಡಿದ. ಸೂಪಿನ ಬಟ್ಟಲನ್ನು ಹತ್ತಿರ ಎಳೆದುಕೊಂಡ.

ಡೊಮ್ನಿಕಾಳ ಅಳುಕು ಬೇರೆ. ಶಾಲೆ ಬಿಟ್ಟು ಮೂವತ್ತೈದು ವರ್ಷವಾಗಿತ್ತು. ಓದಿದವರ ನಡುವೆ ಕೂತು ಪೆದ್ದಿಯಾಗುವುದು ಬೇಡ ಎಂದಳು. ಅದಕ್ಕೆ ಸಾಂದಾ ಬಿಡಿಸಿ ಹೇಳಿದಳು. ಸೇರುವ ಮೊದಲು ಶಾಲೆಯವರೇ ಕೂರಿಸಿ ಮಾತಾಡಿಸುತ್ತಾರೆ, ಎಷ್ಟು ಓದಿದ್ದೀರಿ ಎಂದು ಕೇಳುತ್ತಾರೆ. ಕಾಲೇಜು ಮುಗಿಸಿದವರಿಗೆ ಬೇರೆ ತರಗತಿ, ಸ್ವಲ್ಪ ಓದಿದವರಿಗೆ ಬೇರೆ, ಅಕ್ಷರವೇ ಗೊತ್ತಿಲ್ಲದವರಿಗೂ ಬೇರೆ. ಹಗಲು ದುಡಿಯುವವರಿಗೆ ಸಂಜೆ ಪಾಠ. ಆದರೆ ಈ ಹಕ್ಕು ಇರುವುದು ದೇಶಕ್ಕೆ ಬಂದ ಮೊದಲ ಕೆಲವು ವರ್ಷ ಮಾತ್ರ. ಆಮೇಲೆ ಬೇಕೆಂದರೂ ಹೀಗೆ ಸಿಗದು.

"ಸರಿ, ಮುಂದಿನ ಸಭೆಯಲ್ಲಿ ನೀನೇ ನನ್ನ ಪರವಾಗಿ ಮಾತಾಡಿಬಿಡು," ಎಂದು ಡೊಮ್ನಿಕಾ ಕೊನೆಯ ದಾರಿ ಹುಡುಕಿದಳು.

"ನಾನು ಈ ವಠಾರದವಳಲ್ಲ, ಲೇಲೆ. ಮತವೂ ನಿಂದು, ಮಣ್ಣೂ ನಿಂದು. ಬಾಯಿ ಮಾತ್ರ ನಂದು ಬೇಕಾ?"

ಮರುದಿನ ಡೊಮ್ನಿಕಾ ಇಲ್ಲಿ ನೆಲೆಸಿದವರಿಗೆಲ್ಲ ಕೊಡುವ ಹಳದಿ ಆರೋಗ್ಯ ಕಾರ್ಡು ಹಿಡಿದು ಪುರಸಭೆಗೆ ಹೋದಳು. ಮೂರನೆಯ ವಾರ ಭಾಷಾಶಾಲೆಯ ಬೆಂಚಿನಲ್ಲಿ ಕೂತಿದ್ದಳು. ಬಲಕ್ಕೆ ಪೋಲೆಂಡಿನ ಬಡಗಿ, ಎಡಕ್ಕೆ ಥಾಯ್ಲೆಂಡಿನಿಂದ ಇಲ್ಲಿಗೆ ಸೊಸೆಯಾಗಿ ಬಂದವಳು. ಯಾರೂ ಯಾರನ್ನೂ ನೋಡಿ ನಗಲಿಲ್ಲ. ಎಲ್ಲರ ಬಾಯಲ್ಲೂ ಅದೇ ಬಿಸಿ ಆಲೂಗಡ್ಡೆ.

ಕೆಲಸ ಮುಗಿಸಿ, ಬೆನ್ನು ನೋಯುತ್ತಿದ್ದರೂ ವಾರಕ್ಕೆ ಎರಡು ಸಂಜೆ ಸೈಕಲ್ ತುಳಿದಳು. ಗಾವ್ರಿಲ ಆ ಸಂಜೆಗಳಲ್ಲಿ ತಾನೇ ಸೂಪು ಕಾಯಿಸಿಕೊಂಡು, "ನಮ್ಮ ಮನೇಲಿ ಒಬ್ಬರು ಮೇಡಂ ಆಗ್ತಿದ್ದಾರೆ" ಎಂದು ಗೊಣಗುತ್ತಿದ್ದ. ಚಳಿಗಾಲದಲ್ಲಿ ಎರಡು ಸಲ ಬಿಟ್ಟುಬಿಡುತ್ತೇನೆ ಎಂದಳು. ಬಾಲ್ಕನಿಯ ಬಕೆಟ್ಟನ್ನು ನೋಡಿ ಮತ್ತೆ ಹೊರಟಳು.

ಮೊದಲ ಫಲ ಸಭೆಗಿಂತ ಮುಂಚೆಯೇ ಸಿಕ್ಕಿತು. ಕೆಳಗಿನ ಮನೆಯ ಮುದುಕ ಕೆಲ್, ನಿವೃತ್ತ ಲಾರಿ ಡ್ರೈವರು, ಮೊದಲೆಲ್ಲ ನಮಸ್ಕಾರ ಹೇಳುತ್ತಿದ್ದವನು ಒಂದೂವರೆ ವರ್ಷದಿಂದ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ವಿದೇಶದವರೆಂದು ಹಾಗೆ ಎಂದುಕೊಂಡು ಇವರೂ ಸುಮ್ಮನಿದ್ದರು. ಒಂದು ದಿನ ಮೆಟ್ಟಿಲ ಮೇಲೆ ಡೊಮ್ನಿಕಾ ಅಡ್ಡ ನಿಂತು, ಪದ ಪದ ಜೋಡಿಸಿ ಕೇಳಿದಳು: "ನೀವು ಯಾಕೆ ನನ್ನ ಜೊತೆ ಮಾತಾಡಲ್ಲ?"

ಕೆಲ್ ಹಿಡಿದಿದ್ದ ಚೀಲವನ್ನು ಮೆಟ್ಟಿಲ ಮೇಲಿಟ್ಟ. ಆಮೇಲೆ ನಿಧಾನವಾಗಿ, ಅವಳಿಗೆ ಅರ್ಥವಾಗುವ ಹಾಗೆ ಹೇಳಿದ. ಅವಳ ತೋಟದ ಪಕ್ಕದ್ದು ಅವನದಾಗಿತ್ತು, ಯಂತ್ರ ಅದನ್ನೂ ಅಗೆದಿತ್ತು. ಇಪ್ಪತ್ತು ವರ್ಷ ಅಲ್ಲಿ ಆಲೂಗಡ್ಡೆ ಬೆಳೆದಿದ್ದ. "ನೀನು ಕೈ ಎತ್ತಿದ್ದನ್ನ ನಾನು ನೋಡಿದೆ."

ಅವಳು ಹೇಳಬೇಕಾದದ್ದೆಲ್ಲ ಇನ್ನೂ ಪಾಠದಲ್ಲಿ ಬಂದಿರಲಿಲ್ಲ. "ನನಗೆ ಅರ್ಥ ಆಗಿರಲಿಲ್ಲ. ನನ್ನ ತೋಟವೂ ಹೋಯಿತು," ಎಂದಳು. ಕೆಲ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಆಮೇಲೆ ನಕ್ಕ. ಮರುದಿನ ಬಾಗಿಲ ಮುಂದೆ ಅಂಗಡಿಯಿಂದ ತಂದ ಒಂದು ಚೀಲ ಆಲೂಗಡ್ಡೆ ಇತ್ತು.

ಎರಡನೆಯ ಸೆಪ್ಟೆಂಬರ್ ಬಂತು; ಹಿಂದಿನ ವರ್ಷದ ಸಭೆಯ ಹೊತ್ತಿಗೆ ಅವಳ ಡ್ಯಾನಿಷ್ ಇನ್ನೂ ಸಾಲದಾಗಿತ್ತು. ಬೇಡಿಕೆಯನ್ನು ಸಭೆಗೆ ಎರಡು ವಾರ ಮೊದಲೇ ಬರೆದು ಕೊಡಬೇಕು. ಸಾಂದಾ ಬರೆದುಕೊಡಲು ಕೂತಾಗ ಡೊಮ್ನಿಕಾ ಪೆನ್ನು ಕಿತ್ತುಕೊಂಡಳು. ದಕ್ಷಿಣದ ಗೋಡೆಯ ಪಕ್ಕ ಹುಲ್ಲುಹಾಸು ಇದೆ, ಅಲ್ಲಿ ಯಾರೂ ಕೂರುವುದಿಲ್ಲ, ಹೋದ ಆರು ತೋಟಗಳನ್ನು ಅಲ್ಲಿ ಕೊಡಿ. ಇಷ್ಟನ್ನು ಬರೆಯಲು ಒಂದಿಡೀ ಭಾನುವಾರ ಹಿಡಿಯಿತು.

ಸಭೆಯಲ್ಲಿ ಅದೇ ಕಾಫಿ, ಅದೇ ಕೇಕು, ಅದೇ ಹಸಿರು ಕಾರ್ಡು. ಅವಳ ಸರದಿ ಬಂದಾಗ ಎದ್ದು ನಿಂತಳು. ಬರೆದದ್ದನ್ನು ಓದಿದಳು. ಕೂರಬೇಕು ಎನ್ನುವಷ್ಟರಲ್ಲಿ ಅಧ್ಯಕ್ಷೆ ಒಂದು ಪ್ರಶ್ನೆ ಹಾಕಿದಳು: ನೀವು ರಜೆಗೆ ನಿಮ್ಮ ದೇಶಕ್ಕೆ ಹೋದಾಗ ಆ ತೋಟ ನೋಡುವವರು ಯಾರು? ಕಳೆ ಬೆಳೆದರೆ?

ಇದಕ್ಕೆ ಉತ್ತರ ಬರೆದು ತಂದಿರಲಿಲ್ಲ. ಗಾವ್ರಿಲ ಹೆಂಡತಿಯ ಕಡೆ ತಿರುಗಿದ.

"ಕೆಲ್ ನೋಡ್ತಾರೆ," ಎಂದಳು ಡೊಮ್ನಿಕಾ ಡ್ಯಾನಿಷಿನಲ್ಲಿ. "ಅವರು ರಜೆಗೆ ಹೋದಾಗ ಅವರ ಆಲೂಗಡ್ಡೆ ನಾನು ನೋಡ್ತೀನಿ. ನಾನು ಕಳೆ ಕೀಳೋದನ್ನ ಅವರು ನೋಡಿದ್ದಾರೆ."

ಹಿಂದಿನ ಸಾಲಿನಿಂದ ಕೆಲ್‌ನ ಗಡಸು ದನಿ ಬಂತು: "ಹೌದು. ನನಗಿಂತ ಚೆನ್ನಾಗಿ ಕೀಳ್ತಾಳೆ." ಜನ ನಕ್ಕರು. ಕಾರ್ಡುಗಳು ಮೇಲೆದ್ದವು. ಪರವಾಗಿ ಇಪ್ಪತ್ತೊಂದು, ವಿರೋಧವಾಗಿ ಹನ್ನೊಂದು.

ಅಧ್ಯಕ್ಷೆ ಮುಂದಿನ ವಿಷಯ ಓದಿದಳು. ಮತ್ತೆ ಸುತ್ತಲೂ ಕಾರ್ಡುಗಳು ಏಳತೊಡಗಿದವು. ಗಾವ್ರಿಲನ ಕೈ ಹಳೆಯ ಅಭ್ಯಾಸದಿಂದ ಎದೆಯವರೆಗೆ ಬಂದು ಅಲ್ಲೇ ನಿಂತಿತು. ಹೆಂಡತಿಯ ಕಡೆ ಬಾಗಿ ಕೇಳಿದ: "ಇದೇನಿದು?"

"ಬಟ್ಟೆ ಒಗೆಯೋ ಕೋಣೆಗೆ ಶನಿವಾರ ಬೀಗ ಹಾಕಬೇಕಂತೆ."

"ನಮಗೆ ರಜಾ ಇರೋದೇ ಶನಿವಾರ ತಾನೆ?"

"ಹೂಂ."

ಗಾವ್ರಿಲ ಕಾರ್ಡನ್ನು ತೊಡೆಯ ಮೇಲಿಟ್ಟು ಅದರ ಮೇಲೆ ಅಂಗೈ ಊರಿದ. ಎಲ್ಲರ ಕೈ ಮೇಲಿರುವಾಗ ತನ್ನ ಕೈ ಕೆಳಗಿಟ್ಟುಕೊಂಡು ಕೂತದ್ದು ಅವನ ಜೀವಮಾನದಲ್ಲಿ ಅದೇ ಮೊದಲು. ಬೆನ್ನು ನೆಟ್ಟಗಾಗಿತ್ತು. ಮನೆಗೆ ಹೋಗುವಾಗ, "ಕ್ಲಾಸಿಗೆ ಹೊಸಬರನ್ನ ಯಾವ ವಾರ ಸೇರಿಸ್ಕೋತಾರೆ?" ಎಂದು ಮೆಲ್ಲನೆ ಕೇಳಿದ.

ಈಗ ತಾರ್ಹೋನ್ ಬಕೆಟ್ಟಿನಿಂದ ನೆಲಕ್ಕೆ ಬಂದಿದೆ, ದಕ್ಷಿಣದ ಬಿಸಿಲಿಗೆ ಮೊಣಕಾಲೆತ್ತರ ಬೆಳೆದಿದೆ. ಗಂಡ ಹೆಂಡತಿ ಒಟ್ಟಿಗೆ ಸೈಕಲ್ ತುಳಿಯುತ್ತಾರೆ. ಸೂಪು ಕಾಯಿಸುವವರು ಯಾರು ಎಂಬುದೇ ಈಗ ಅವರ ಮನೆಯ ಜಗಳ.

ಹೊಸದಾಗಿ ಈ ದೇಶಕ್ಕೆ ಬಂದಿರುವ ಅಕ್ಕ, ಅಣ್ಣ, ನಿಮಗೆ ಹೇಳುವುದಿಷ್ಟೆ. ಎರಡು ವರ್ಷಕ್ಕೆ ಬಂದಿರಲಿ, ಇಪ್ಪತ್ತು ವರ್ಷಕ್ಕೆ ಬಂದಿರಲಿ, ನೀವು ಇರುವಷ್ಟು ದಿನವೂ ನಿಮ್ಮ ಮನೆಯ ವಿಷಯ ಇಲ್ಲಿನ ಮಾತಿನಲ್ಲೇ ತೀರ್ಮಾನವಾಗುತ್ತದೆ. ಹಳದಿ ಕಾರ್ಡು ಕೈಗೆ ಬಂದ ವಾರವೇ ಪುರಸಭೆಗೆ ಹೋಗಿ ಡ್ಯಾನಿಷ್ ತರಗತಿಗೆ ಹೆಸರು ಕೊಡಿ. ಓದಿಲ್ಲವೆಂದು ನಾಚಬೇಡಿ, ಬಿಡುವಿಲ್ಲವೆಂದು ಮುಂದೂಡಬೇಡಿ, ಸಂಜೆಯ ಪಾಠ ಇದೆಯೇ ಎಂದು ಕೇಳಿ. ಮುಂದಿನ ಸಭೆಯಲ್ಲಿ ನಿಮ್ಮ ಕೈ ಮೇಲೇಳಲಿ ಅಥವಾ ಕೆಳಗಿರಲಿ. ಏಕೆಂದು ನಿಮಗೆ ಗೊತ್ತಿರಲಿ.