ಭಾರದ ತೋಟೆ

ಉಮರಬ್ಬ ಸೌದಿಗೆ ಬಂದು ಮೊದಲು ಕಲಿತ ಅರಬ್ಬಿ ಮಾತು ‘ಐವ’. ಹೌದು ಎಂದರ್ಥ. ನೆಲ ಅಗೆಯಲು ಬರುತ್ತದೆಯೇ? ಐವ. ಅಡುಗೆ? ಐವ. ಗಾಡಿ ಓಡಿಸುತ್ತೀಯಾ ಎಂದಾಗಲೂ ಐವ ಎಂದು, ವೀಸಾ ಕೊಟ್ಟ ಧಣಿ ಕಫೀಲನ ಪಿಕಪ್ಪನ್ನು ಖರ್ಜೂರದ ಮರಕ್ಕೆ ಗುದ್ದಿಸಿಯೇ ಅವನು ಗಾಡಿ ಕಲಿತದ್ದು. ಬಾರದು ಎಂದವನನ್ನು ಊರಿಗೆ ಕಳಿಸುತ್ತಾರೆ, ಬರುತ್ತದೆ ಎಂದು ಕೆಡಿಸಿದವನನ್ನು ಬೈಯುತ್ತಾರೆ ಅಷ್ಟೆ. ಬೈಗುಳ ತಿಂದು ಯಾರೂ ಸತ್ತಿಲ್ಲ ಎಂಬುದು ಹಳಬರು ಹೇಳಿಕೊಟ್ಟ ಪಾಠವಾಗಿತ್ತು.

ಖತೀಫಿನ ಹತ್ತಿರ ಅವನ ಕಫೀಲ್ ಅಬು ನಾಸಿರನಿಗೆ ಖರ್ಜೂರದ ತೋಟವಿತ್ತು. ಅಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕಾಲುವೆ ತೋಡುತ್ತಿದ್ದ ಉಮರಬ್ಬನನ್ನು ಮೇಲೆತ್ತಿದ್ದು ಅವನ ಚೂರಿ. ಉಪ್ಪಿನಂಗಡಿಯಲ್ಲಿ ಮಾಂಸದಂಗಡಿ ಇಟ್ಟವರ ಮಗ. ಹಬ್ಬಕ್ಕೆ ಅವನು ಆಡು ಕೊಯ್ದ ಚುರುಕನ್ನು ಕಂಡ ಅಬು ನಾಸಿರ್ ಮುಂದಿನ ಚಳಿಗಾಲದಿಂದ ಅವನನ್ನು ಬೇಟೆಗೆ ಕರೆದೊಯ್ಯತೊಡಗಿದ. ಗುಂಡು ತಿಂದ ಪ್ರಾಣಿ ಉಸಿರಿರುವಾಗಲೇ ಚೂರಿ ಅದರ ಕೊರಳಿಗೆ ಮುಟ್ಟಬೇಕು, ರಕ್ತ ತನ್ನ ಕಣ್ಣೆದುರು ಹರಿಯಬೇಕು ಎಂಬುದು ಅಬು ನಾಸಿರನ ಕ್ರಮ, ಅವನ ಅಪ್ಪನ ಕ್ರಮ. ಬಿಸ್ಮಿಲ್ಲಾ ಹೇಳಿ ಹಾರಿಸಿದ ಗುಂಡಿಗೇ ಸತ್ತ ಬೇಟೆಯೂ ಹಲಾಲೇ ಎಂದು ತಿಳಿದವರು ಹೇಳಿದರೂ ಅವನ ಮನಸ್ಸು ಒಪ್ಪುತ್ತಿರಲಿಲ್ಲ. ಹಾಗಾಗಿ ಅವನು ಸಣ್ಣ ತೋಟೆಯ ಕೋವಿಯಲ್ಲಿ ಭುಜಕ್ಕೆ ಹೊಡೆಯುವುದು, ಉಮರಬ್ಬ ಚೂರಿ ಹಿಡಿದು ಓಡುವುದು. ಎಣ್ಣೆಯ ಬೆಲೆ ಬಿದ್ದು ತೋಟದ ಆಳುಗಳನ್ನು ಒಬ್ಬೊಬ್ಬರಾಗಿ ಊರಿಗೆ ಕಳಿಸುತ್ತಿದ್ದ ವರ್ಷ ಅದು. ಉಮರಬ್ಬ ಮಾತ್ರ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂತಿದ್ದ.

ಆ ಚಳಿಗೆ ತೋಟದ ಗಂಡು ಒಂಟೆಯೊಂದು ಮದವೇರಿ, ಅಲ್ಲಿನ ಆಳು ಸೂಡಾನಿನ ಇದ್ರೀಸನನ್ನು ಕೊಂದಿತು. ಮೇವು ಹಾಕಲು ಹೋದವನ ಹೆಗಲು ಕಚ್ಚಿ ನೆಲಕ್ಕೆ ಕೆಡವಿ, ಮೇಲೆ ಎದೆಯೂರಿ ಕೂತು ಅರೆಯಿತು. ಬಿಡಿಸಲು ಹೋದವರ ಕೈಗೆ ಸಿಕ್ಕಿದ್ದು ಮನುಷ್ಯನ ಆಕಾರವಾಗಿರಲಿಲ್ಲ. ಒಂಟೆ ಬೇಲಿ ಮುರಿದು ದಹನಾ ಮರುಭೂಮಿಯ ಕೆಂಪು ಮರಳಿಗೆ ನುಗ್ಗಿತು. ಬೆನ್ನು ಹತ್ತಿ ಹೋದವರು ಮೂರೇ ಜನ: ಅಬು ನಾಸಿರ್, ಉಮರಬ್ಬ ಮತ್ತು ಭಟ್ಕಳದ ಝಿಯಾವುದ್ದೀನ್. ದಮ್ಮಾಮಿನಲ್ಲಿ ಅಬು ನಾಸಿರನ ಅಂಗಡಿ ನೋಡಿಕೊಳ್ಳುವವನು ಈತ. ಕೋವಿಗಳ ಹುಚ್ಚು ಕಫೀಲನಿಗಿಂತ ಇವನಿಗೇ ಹೆಚ್ಚು. ಒರೆಸುವುದು, ಎಣ್ಣೆ ಹಾಕುವುದು, ತೋಟೆ ತರಿಸುವುದು ಎಲ್ಲ ಇವನದೇ.

ಒಂಟೆ ಕಣ್ಣಿಗೆ ಬಿದ್ದ ಬೆಳಿಗ್ಗೆ ಚಾಪೆಯ ಮೇಲೆ ಎರಡೂ ಕೋವಿ ಮಲಗಿದ್ದವು. ಒಂದು ಎಂದಿನ ಸಣ್ಣ ತೋಟೆಯದು, ಸೆವೆನ್ ಎಂಎಂ. ಇನ್ನೊಂದು ಅಬು ನಾಸಿರ್ ಆಫ್ರಿಕಾದ ಬೇಟೆಗೆಂದು ಕೊಂಡು, ಮತ್ತೆ ಮುಟ್ಟದೆ ಇಟ್ಟಿದ್ದ ಜರ್ಮನಿಯದು, ಒಂಬತ್ತು ಪಾಯಿಂಟ್ ಮೂರು. ಅದರ ತೋಟೆ ಬೆರಳಿನಷ್ಟು ದಪ್ಪ. ಕಫೀಲ್ ನಮಾಜಿಗೆ ಹೋದಾಗ ಉಮರಬ್ಬ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ. ಇದ್ರೀಸನ ಮೈಯನ್ನು ಕಂಬಳಿಯಲ್ಲಿ ಕಟ್ಟಿದ್ದು ಅದೇ ಅಂಗೈ.

“ಇವತ್ತು ಇದನ್ನೇ ಹೊಡಿಲಿಕ್ಕೆ ಹೇಳಿ ಸಾಹೇಬ್ರೆ,” ಎಂದು ಝಿಯಾವುದ್ದೀನನಿಗೆ ಹೇಳಿದ.

ಝಿಯಾವುದ್ದೀನನಿಗೆ ಇಂಥ ಮಾತೆಂದರೆ ಊಟ ಬೇಡ. ಆ ತೋಟೆಯ ಗುಣದೋಷಗಳನ್ನು ಸೊಸೆ ನೋಡಲು ಹೋದವನಂತೆ ಬಿಡಿಸಿಟ್ಟ. ನಿಧಾನದ ಗುಂಡು, ದೂರ ಹೋದಂತೆ ಕೆಳಗಿಳಿಯುತ್ತದೆ. ಈ ಬಯಲಿನಲ್ಲಿ ದೂರದ ಅಂದಾಜು ಒಂದಿಷ್ಟು ತಪ್ಪಿದರೂ ಒಂಟೆಯ ಕಾಲಡಿಯ ಮರಳಿಗೇ ಸರಿ. ಒದೆತಕ್ಕೆ ಭುಜ ನೀಲಿಗಟ್ಟುತ್ತದೆ. ಪೇಟೆಯಲ್ಲಿ ಸಿಗುವುದಿಲ್ಲ. ಸೆವೆನ್ ಆದರೆ ಗೆರೆ ಎಳೆದ ಹಾಗೆ ಹೋಗುತ್ತದೆ. ಆದರೆ ಹಗುರದ ಗುಂಡು, ದೊಡ್ಡ ಎಲುಬಿಗೆ ಬಡಿದರೆ ಒಳಗೇ ಚೂರಾಗಿ ಸುತ್ತಲಿನ ಮಾಂಸವನ್ನೆಲ್ಲ ಕೆಡಿಸುತ್ತದೆ. ಭಾರದ್ದು ಹಾಗಲ್ಲ. ತೂತಿನ ಅಂಚಿನವರೆಗೂ ಮಾಂಸ ತಿನ್ನಬಹುದು. ಬಿದ್ದದ್ದು ಮತ್ತೆ ಏಳುವುದಿಲ್ಲ.

“ಅದೇ ಬೇಕಾದ್ದು,” ಎಂದ ಉಮರಬ್ಬ.

“ಈಚೆ ಹೊಕ್ಕಿದ್ದು ಆಚೆ ಬರ್ತದೆ ಮಾರಾಯ. ಹಿಂದೆ ಎಂತ ಉಂಟು, ಯಾರಿದ್ದಾರೆ ಅಂತ ಅದು ಕೇಳುದಿಲ್ಲ.” ಝಿಯಾವುದ್ದೀನ್ ತೋಟೆಯನ್ನು ಅವನ ಕೈಯಿಂದ ತೆಗೆದುಕೊಂಡ. “ಇನ್ನೊಂದು ದೋಷ ಉಂಟು, ಅದು ನಿನಗೆ. ಇದರಲ್ಲಿ ಬಿದ್ದದ್ದಕ್ಕೆ ಚೂರಿ ಬೇಡ. ಅರಬ್ಬಿಗೆ ಇದರ ರುಚಿ ಹತ್ತಿದರೆ ಚೂರಿಯವನು ಯಾಕೆ? ಕಾಲುವೆಗೆ ವಾಪಸ್, ಇಲ್ಲದಿದ್ದರೆ ಬೊಂಬಾಯಿಯ ವಿಮಾನ.”

ಜೀವವನ್ನು ಒಂದು ತಟ್ಟೆಯಲ್ಲಿ, ಜೀವನವನ್ನು ಇನ್ನೊಂದರಲ್ಲಿ ಇಟ್ಟವನಿಗೆ ತಕ್ಕಡಿ ಯಾವ ಕಡೆ ವಾಲಿದರೂ ನಷ್ಟವೇ.

ನಮಾಜು ಮುಗಿಸಿ ಬಂದ ಕಫೀಲನೆದುರು ಝಿಯಾವುದ್ದೀನ್ ವಿಷಯ ಎತ್ತಿದ. ಹುಚ್ಚೆದ್ದು ಓಡಿಹೋದ ಸಾಕುಪ್ರಾಣಿಯೂ ಬೇಟೆಯ ಲೆಕ್ಕಕ್ಕೇ ಬರುತ್ತದೆ, ಭಾರದ ತೋಟೆಯಲ್ಲಿ ಒಮ್ಮೆಗೇ ಮುಗಿಸಬಹುದು ಎಂದ. ಅಬು ನಾಸಿರ್ ಗಡ್ಡ ನೀವುತ್ತ ಕೇಳಿಸಿಕೊಂಡ. ಆಮೇಲೆ ಉಮರಬ್ಬನ ಕಡೆ ತಿರುಗಿ, ಒಂಟೆಯನ್ನು ಕೊಯ್ಯುವುದು ಗೊತ್ತಲ್ಲ ಎಂದು ಕೇಳಿದ.

ಉಮರಬ್ಬ ಒಂಟೆ ಕೊಯ್ದವನಲ್ಲ. ತೋಟದಲ್ಲಿ ಹಬ್ಬಕ್ಕೆ ಒಂಟೆ ಕೊಯ್ಯಲು ಯೆಮನಿನವರು ಬರುತ್ತಿದ್ದರು. ಇವನು ದೂರದಲ್ಲಿ ಪಾತ್ರೆ ಹಿಡಿದು ನಿಂತಿರುತ್ತಿದ್ದ. ನಾಲಿಗೆ ಮಾತ್ರ ತಾನಾಗಿ ತಿರುಗಿತು.

“ಐವ.”

ಕಫೀಲ್ ಸೆವೆನ್ ಎತ್ತಿಕೊಂಡ.

ಒಂಟೆ ಇಳಿಜಾರಿನ ತುದಿಯಲ್ಲಿ ನಿಂತಿತ್ತು. ಬಾಯಿಯ ಪಕ್ಕದಿಂದ ಕೆಂಪು ಚೀಲದಂಥ ಅಂಗುಳಿನ ಮಾಂಸ ಜೋಲುತ್ತ, ಬುರುಬುರು ನೊರೆ ಎದೆಯವರೆಗೂ ಇಳಿಯುತ್ತಿತ್ತು. ಮೊಣಕಾಲ ಕೂದಲಿನಲ್ಲಿ ಒಣಗಿ ಕಪ್ಪಾದದ್ದು ಇದ್ರೀಸನ ರಕ್ತ. ಅಬು ನಾಸಿರ್ ಬಿಸ್ಮಿಲ್ಲಾ ಎಂದು ಕೋವಿಯ ಕುದುರೆ ಎಳೆದ. ಚಾಟಿ ಬೀಸಿದಂಥ ಸದ್ದು. ಭುಜದ ಚರ್ಮ ಸಿಡಿದು, ಒಂಟೆ ಮುಂಗಾಲು ಕುಸಿದು ಕೂತಿತು. ಗುಂಡು ಎಲುಬಿನಲ್ಲೇ ಪುಡಿಯಾಗಿರಬೇಕು. ಕಾಲು ಹೋಗಿತ್ತು, ಕೋಪ ಹೋಗಿರಲಿಲ್ಲ.

“ಯಲ್ಲಾ!” ಎಂದ ಕಫೀಲ್. ಉಮರಬ್ಬ ಓಡಿದ.

ಊರಿನಲ್ಲಿ ಕೋಣನನ್ನು ಹಗ್ಗ ಹಾಕಿ ಕೆಡವಿ, ಮೂತಿ ಹಿಂದಕ್ಕೆ ಎಳೆದು, ದವಡೆಯ ಕೆಳಗೆ ಚೂರಿ ಎಳೆಯುತ್ತಾರೆ. ಅವನ ಕೈಗೆ ಗೊತ್ತಿದ್ದದ್ದು ಅದೊಂದೇ ಜಾಗ. ತಲೆಯ ಕಡೆಯಿಂದ ಹೋಗಿ ಎಡಗೈಯಲ್ಲಿ ಮೂತಿ ಹಿಡಿಯಲು ನೋಡಿದ. ಕೋಣನ ಕೊರಳು ಹಿಡಿದ ಕಡೆ ನಿಲ್ಲುತ್ತದೆ. ಒಂಟೆಯ ಕೊರಳು ಹಾವಿನಂತೆ ಹಿಂದೆ ಸರಿದು, ಮೇಲೆದ್ದು, ಇಳಿಯಿತು. ಚೂರಿ ಹಿಡಿದ ತೋಳು ಮೊಣಕೈಯ ಕೆಳಗೆ ಹಲ್ಲಿನ ನಡುವೆ ಸಿಕ್ಕಿತು. ಒಣ ಗರಿ ಮುರಿದ ಸದ್ದು ಕೇಳಿ ಅವನಿಗೆ ಒಂದು ಕ್ಷಣ ಅದು ಬೇರೆ ಯಾರದೋ ಎನಿಸಿತು. ಆಮೇಲೆ ನೋವು ಬಂತು. ಒಂಟೆ ಕೊರಳು ಬೀಸಿ ಅವನನ್ನು ಮರಳಿಗೆ ಬಡಿಯಿತು, ಎತ್ತಿತು, ಮತ್ತೆ ಬಡಿಯಿತು. ಬಾಯಿ ತುಂಬ ಮರಳು, ಮುಖ ತುಂಬ ನೊರೆ. ಮುರಿಯದ ಕಾಲನ್ನು ಊರಿ ಅದು ಎದೆಯನ್ನು ಮುಂದಕ್ಕೆ ಎಳೆಯತೊಡಗಿತು. ಅವನ ಮೇಲೆ ಕೂರಲು. ಇದ್ರೀಸನ ಮೇಲೆ ಕೂತ ಹಾಗೆ.

ಕಫೀಲ್ ಇಳಿಜಾರಿನ ಕೆಳಗಿದ್ದ. ಹತ್ತಿರ ಓಡಿ ಬಂದದ್ದು ಝಿಯಾವುದ್ದೀನ್, ಕೈಯಲ್ಲಿ ಭಾರದ ಕೋವಿ. ಒಂಟೆಯ ಆಚೆ ಮಗ್ಗುಲಲ್ಲಿ ನಿಂತು ಗುರಿ ಹಿಡಿದ, ಇಳಿಸಿದ. ಒಂಟೆಯ ತಲೆಯ ನೇರ ಹಿಂದೆ ಉಮರಬ್ಬ.

“ಹೊಡೀರಿ,” ಎಂದ ಉಮರಬ್ಬ.

“ಆಚೆ ಬರ್ತದೆ ಮಾರಾಯ.”

“ಬರಲಿ.”

ಒಂಟೆಯ ಎದೆ ಅವನ ತೊಡೆಗೆ ಬಂತು. ಝಿಯಾವುದ್ದೀನ್ ಮತ್ತೆ ಕೋವಿ ಎತ್ತಿದ. ತುಟಿ ಬಿಗಿದಿತ್ತು. ಆ ಮುಚ್ಚಿದ ಬಾಯಿಯನ್ನು ಉಮರಬ್ಬ ನೋಡುತ್ತಲೇ ಇದ್ದ.

ಗುಂಡು ಕಿವಿಯ ಕೆಳಗೆ ಹೊಕ್ಕು ಈಚೆ ದವಡೆಯನ್ನು ಒಡೆದುಕೊಂಡು ಬಂದು, ಉಮರಬ್ಬನ ಮೊಣಕೈಯನ್ನು ಒಯ್ದು ಮರಳಿನಲ್ಲಿ ಮುಳುಗಿತು. ಒಂಟೆ ಗೋಡೆಯಂತೆ ಒರಗಿತು. ಕಾಲು ಕೂಡ ಅಲುಗಲಿಲ್ಲ. ತೋಟೆ ತನ್ನ ಗುಣದೋಷ ಎರಡನ್ನೂ ಒಂದೇ ಗಳಿಗೆಯಲ್ಲಿ ತೋರಿಸಿತ್ತು.

ಅಬು ನಾಸಿರ್ ಏದುಸಿರು ಬಿಡುತ್ತ ಬಂದು, ತಲೆಯ ಕೆಂಪು ಚೌಕುಳಿ ಬಟ್ಟೆ ಬಿಚ್ಚಿ ಉಮರಬ್ಬನ ತೋಳನ್ನು ಹೆಗಲ ಹತ್ತಿರ ಬಿಗಿಯಾಗಿ ಕಟ್ಟಿದ. ಆಮೇಲೆ ಒಂಟೆಯ ತಲೆ ತಿರುಗಿಸಿ ಎರಡೂ ತೂತು ನೋಡಿದ, ಚಿಕ್ಕದು, ದೊಡ್ಡದು. ಹೊಡೆಯುವಾಗ ಬಿಸ್ಮಿಲ್ಲಾ ಹೇಳಿದೆಯಾ ಎಂದು ಝಿಯಾವುದ್ದೀನನನ್ನು ಕೇಳಿದ.

ಝಿಯಾವುದ್ದೀನ್ ಕೋವಿಯ ಹಿಡಿಯನ್ನು ನೋಡುತ್ತ ನಿಂತ.

ಕಫೀಲ್ ಉಮರಬ್ಬನತ್ತ ತಿರುಗಿದ. “ನೀನು ಹತ್ತಿರ ಇದ್ದೆ. ಕೇಳಿತಾ?”

ಇಲ್ಲವೆಂದರೆ ಒಂಟೆ ಹೆಣ, ತಿನ್ನಬಾರದ್ದು. ಝಿಯಾವುದ್ದೀನ್ ಗುರಿ ತಪ್ಪಿದವನಿಗಿಂತ ಕೀಳು. ಭಾರದ ಕೋವಿ ಪೆಟ್ಟಿಗೆಗೆ ಹೋಗುತ್ತದೆ, ಮುಂದಿನ ಚಳಿಗೆ ಮತ್ತೆ ಸಣ್ಣ ತೋಟೆ, ಮತ್ತೆ ಚೂರಿ, ಓಡಲು ಮತ್ತೊಬ್ಬ. ಝಿಯಾವುದ್ದೀನನ ತುಟಿ ಈಗಲೂ ಬಿಗಿದೇ ಇತ್ತು. ಉಮರಬ್ಬ ಆ ತುಟಿಯನ್ನು ನೋಡಿದ. ಮೊಣಕೈ ಇರಬೇಕಾದ ಜಾಗವನ್ನು ನೋಡಿದ.

“ಐವ,” ಎಂದ.

ಅಬು ನಾಸಿರ್ ತಲೆಯಾಡಿಸಿದ. ಭಾರದ್ದೇ ಒಳ್ಳೆಯದು, ಇನ್ನು ಮೇಲೆ ಇದೇ ಇರಲಿ ಎಂದು ಝಿಯಾವುದ್ದೀನನಿಗೆ ಹೇಳಿದ. ಬೆಳಿಗ್ಗೆ ಉಮರಬ್ಬ ಕೇಳಬೇಕೆಂದಿದ್ದ ಮಾತು ಅಕ್ಷರವೂ ತಪ್ಪದೆ ಬಂದಿತ್ತು.

ಚೂರಿ ಮರಳಿನಲ್ಲಿ ಬಿದ್ದಿತ್ತು. ಕಫೀಲ್ ಅದನ್ನು ಎತ್ತಿಕೊಂಡು ಒಂಟೆಯ ಕೊರಳ ಬುಡಕ್ಕೆ, ಎದೆಯ ಮೇಲಿನ ತಗ್ಗಿಗೆ ಇಟ್ಟು ಒತ್ತಿದ. ಇಡೀ ಅಲಗು ಸದ್ದಿಲ್ಲದೆ ಇಳಿಯಿತು, ರಕ್ತ ನಿಧಾನವಾಗಿ ಹೊರಗೆ ಬಂತು. ಒಂಟೆ ಕೊಯ್ಯುವುದು ಅಲ್ಲಿ. ಹಲ್ಲುಗಳಿಂದ ಎಷ್ಟು ದೂರ ಆ ಜಾಗ! ಝಿಯಾವುದ್ದೀನ್ ಬಗಲಿಗೆ ಕೈ ಕೊಟ್ಟು ಪಿಕಪ್ಪಿನತ್ತ ನಡೆಸುವಾಗ ಉಮರಬ್ಬ ತಿರುಗಿ ಅದನ್ನೇ ನೋಡುತ್ತಿದ್ದ. ಅಬು ನಾಸಿರ್ ಚೂರಿಯನ್ನು ಮರಳಿನಲ್ಲಿ ಉಜ್ಜಿ ಒರೆಸಿ, ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡ.